ಹೊಳ್ಳಿ ಬರುವ ರೈಲು

ಮೂವತ್ತು ಚಿಲ್ಲರೆ ವರ್ಷ ರೈಲ್ವೆಯಲ್ಲಿ ಗಾರ್ಡನಾಗಿದ್ದ ನಾನು ಈಗ ದಿನಾ ಬೆಳಗ್ಗೆ ಒಂದು ರೈಲಿಗೆ ಮುಖ ತೋರಿಸಲಾರದೆ ಅಡ್ಡದಾರಿ ಹಿಡಿಯುತ್ತೇನೆ. ಆ ರೈಲಿನ ಎಂಜಿನ್ನು ನನ್ನ ಎದೆಮಟ್ಟಕ್ಕೆ ಬರುತ್ತದೆ. ಡಬ್ಬಿಗಳು ನಾಲ್ಕೇ. ಸೊಲ್ಲಾಪುರದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲೊಂದು ಬಾಗ್, ಅಂದರೆ ಉದ್ಯಾನ, ಇದೆ. ಅಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಗಿಡಗಳ ನಡುವೆ ಸುತ್ತು ಹಾಕಲೆಂದು ಬಿಟ್ಟಿದ್ದ ಝುಕ್‌ಝುಕ್ ಗಾಡಿ ಅದು. ಈಗ ಓಡುವುದಿಲ್ಲ. ಬೇವಿನ ಗಿಡದ ಕೆಳಗೆ ನಿಂತಿದೆ, ಸೀಟುಗಳ ಮೇಲೆ ಬೇವಿನ ಹಣ್ಣು ಬಿದ್ದು ಒಣಗಿವೆ. ಡಾಕ್ಟರರು ನನಗೆ ಬಾಗಿನಲ್ಲಿ ದಿನಕ್ಕೆ ಎರಡು ಸುತ್ತು ನಡೆಯಲು ಹೇಳಿದ್ದಾರೆ. ಎರಡನೆಯ ಸುತ್ತಿನಲ್ಲಿ ಆ ಬೇವಿನ ಗಿಡ ಬರುವ ಮೊದಲೇ ನಾನು ತಿರುಗಿಬಿಡುತ್ತೇನೆ, ಮನೆಯಲ್ಲಿ ಮಾತ್ರ ಎರಡು ಪೂರ್ತಿ ಎಂದು ಹೇಳುತ್ತೇನೆ. ಸುಳ್ಳು ಹೇಳುವ ಅಭ್ಯಾಸ ನನಗೆ ಹತ್ತಿದ್ದೂ ಆ ಗಾಡಿಯ ದೆಸೆಯಿಂದಲೇ.

ಗಾರ್ಡ್ ಎಂದರೆ ಯಾರು ಎಂಬುದನ್ನು ಈಗ ಬಿಡಿಸಿ ಹೇಳಬೇಕಾಗುತ್ತದೆ. ರೈಲಿನ ಮುಂದಿರುವ ಡ್ರೈವರನನ್ನು ಎಲ್ಲರೂ ನೋಡುತ್ತಾರೆ. ಕಟ್ಟಕಡೆಯ ಡಬ್ಬಿಯಲ್ಲಿ ಕೆಂಪು ಹಸಿರು ಬಾವುಟ, ಒಂದು ಸೀಟಿ ಇಟ್ಟುಕೊಂಡು ಕೂತವನನ್ನು ರೈಲು ಹೋದ ಮೇಲೆ ನೋಡಿದರೆ ನೋಡಿದರು, ಇಲ್ಲದಿದ್ದರೆ ಇಲ್ಲ. ಅವನು ಹಸಿರು ಬಾವುಟ ತೋರದೆ ಗಾಡಿ ಹೊರಡುವಂತಿಲ್ಲ. ನಾನು ನಿವೃತ್ತನಾದ ಮೇಲೆ ಈ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ನಾಮಕರಣವಾಯಿತು. ಇನ್ನೂ ಸ್ವಲ್ಪ ತಡೆದು ನಿವೃತ್ತನಾಗಿದ್ದರೆ ನಾನೂ ಮ್ಯಾನೇಜರನಾಗಿ ಸಾಯಬಹುದಿತ್ತು. ಅದರಲ್ಲೂ ನಾನಿದ್ದದ್ದು ಮಾಲುಗಾಡಿಯ ಮೇಲೆ. ರೈಲ್ವೆಯಲ್ಲೂ ಜಾತಿಗಳಿವೆ ನೋಡಿ: ಮೇಲ್ ಗಾಡಿಯ ಗಾರ್ಡು ಎಲ್ಲರಿಗಿಂತ ಮೇಲು, ಪ್ಯಾಸೆಂಜರಿನವನು ನಡುವೆ, ಸಿಮೆಂಟು ಕಲ್ಲಿದ್ದಲಿನ ಹಿಂದೆ ಒಬ್ಬನೇ ಅಲುಗಾಡುತ್ತ ಹೋಗುವವನು ಎಲ್ಲರಿಗಿಂತ ಕೆಳಗೆ. ಹೀಗೆ ಕೆಳಗಿದ್ದವನಿಗೆ ತನಗಿಂತ ಕೆಳಗೆ ಇನ್ನೊಬ್ಬ ಬೇಕಾಗುತ್ತಾನೆ. ನನಗೆ ಸಿಕ್ಕದ್ದು ಬಾಗಿನ ಝುಕ್‌ಝುಕ್ ಗಾಡಿ.

ಅದನ್ನು ಹಳಿಯಲು ನನ್ನ ಬಳಿ ಶಾಸ್ತ್ರೋಕ್ತ ಕಾರಣಗಳಿದ್ದವು. ನಮ್ಮ ಕಡೆ ಮೂರು ಅಳತೆಯ ಹಳಿಗಳನ್ನೂ ಕಂಡವರಿದ್ದಾರೆ. ಮುಂಬಯಿಗೆ ಹೋಗುವ ಅಗಲ ಹಳಿ, ವಿಜಯಪುರ ಗದಗಿನ ಕಡೆಗೆ ಆಗ ಇದ್ದ ಮೀಟರ್ ಹಳಿ, ಕುರ್ಡುವಾಡಿಯಿಂದ ಹೊರಡುತ್ತಿದ್ದ ಇನ್ನೂ ಕಿರಿದಾದ ಹಳಿ. ಬಾಗಿನದು ಇವು ಮೂರರಲ್ಲಿ ಯಾವುದೂ ಅಲ್ಲ, ಅದರ ಅಗಲ ಒಂದು ಮೊಳ. ಎಂಜಿನ್ನಿಗೆ ಹೊಗೆಕೊಳವೆ ಇತ್ತು, ಹೊಗೆ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ ಗಾಡಿಗೆ ಅಪ್ ಇಲ್ಲ, ಡೌನ್ ಇಲ್ಲ. ಭೂಮಿಯ ಮೇಲಿನ ಪ್ರತಿ ರೈಲೂ ಒಂದೋ ಅಪ್ ಇರಬೇಕು, ಇಲ್ಲವೇ ಡೌನ್. ಇದು ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಇದನ್ನು ರೈಲು ಎನ್ನುವುದಾದರೆ ಗಾಣದ ಎತ್ತನ್ನು ಪ್ರವಾಸಿ ಎನ್ನಬೇಕು ಎಂದು ನಾನು ಗೆಳೆಯರ ಮುಂದೆ ಹೇಳಿ ನಗಿಸುತ್ತಿದ್ದೆ. ನನ್ನ ಮಕ್ಕಳು ಚಿಕ್ಕವರಿದ್ದಾಗ ಅವರ ತಾಯಿಯೇ ಕೂಡಿಸಿಕೊಂಡು ಬರುತ್ತಿದ್ದಳು. ನಾನು ಬೆಂಚಿನ ಮೇಲೆ ಪೇಪರು ಓದುತ್ತಿದ್ದೆ.

ಇನ್ನು ನಮ್ಮ ಅಕ್ಕನ ವಿಷಯ. ಮಾಯವ್ವ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ದುಧನಿಗೂ ಅಕ್ಕಲಕೋಟೆಗೂ ನಡುವೆ ರೈಲುದಾರಿಯ ಪಕ್ಕದಲ್ಲೇ ನಮ್ಮ ಊರು. ಮನೆಯಲ್ಲಿ ಎರಡು ಕೆಲಸಗಳಿದ್ದವು, ಸಾಲಿ ಮತ್ತು ಕುರಿ. ಮಕ್ಕಳೂ ನಾವಿಬ್ಬರೇ. ಅಕ್ಕ ಕುರಿಯ ಹಿಂದೆ ಹೋದದ್ದರಿಂದ ನಾನು ಸಾಲಿಗೆ ಹೋದೆ. ಇದನ್ನು ಯಾರೂ ಕೂತು ನಿರ್ಧರಿಸಲಿಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ. ಸಂಜೆ ನಾನು ಪಾಟಿಯ ಮೇಲೆ ಬರೆದದ್ದನ್ನು ಅವಳಿಗೆ ತೋರಿಸಿದರೆ, ಅದು ಏನೆಂದು ಗೊತ್ತಿಲ್ಲದೆಯೂ "ಚೊಲೋ ಬರದಿ" ಎನ್ನುತ್ತಿದ್ದಳು. ಊರಲ್ಲೇ ಸೋದರಮಾವನ ಮಗನಿಗೆ ಅವಳನ್ನು ಕೊಟ್ಟರು. ಕುರಿ ಅಲ್ಲಿಯೂ ಇದ್ದವು.

ನಾನು ಮಾಲುಗಾಡಿಯ ಕಡೆಯ ಡಬ್ಬಿಯಲ್ಲಿ ಊರ ಮುಂದೆ ಹಾದುಹೋಗುವಾಗ ಎಷ್ಟೋ ಸಲ ಅವಳು ಏರಿಯ ಕೆಳಗೆ ಕುರಿಗಳ ನಡುವೆ ನಿಂತಿರುತ್ತಿದ್ದಳು. ನಾನು ಕೈ ಎತ್ತುತ್ತಿದ್ದೆ. ಅಷ್ಟಕ್ಕೇ ಊರ ತುಂಬ ಸುದ್ದಿ, ಮಾಯವ್ವನ ತಮ್ಮ ರೈಲು ಹೊಡೆದುಕೊಂಡು ಹೋದನೆಂದು. ರೈಲು ಹೊಡೆಯುವವನು ನಾನಲ್ಲ, ಮುಂದೆ ಇನ್ನೊಬ್ಬನಿದ್ದಾನೆ ಎಂದು ನಾನು ತಿದ್ದಲು ಹೋಗಲಿಲ್ಲ.

ಹುಟ್ಟಿದಾರಭ್ಯ ರೈಲನ್ನು ನೋಡುತ್ತ ಬಂದ ಅಕ್ಕ ಒಮ್ಮೆಯೂ ರೈಲು ಹತ್ತಿದವಳಲ್ಲ. ಹೆದರಿಕೆಯಲ್ಲ, ಅವಳಿಗೆ ಅವಳದೇ ತರ್ಕವಿತ್ತು. "ರೈಲು ಮುಂದ ಮುಂದ ಹೋಗ್ತದ. ಹೊತ್ತ ಮುಣುಗುದ್ರಾಗ ನಾ ಹಟ್ಟಿಗಿ ಬರಬೇಕು. ನಂದೂ ಅದರದೂ ಹೊಂದೂದಿಲ್ಲ" ಎನ್ನುತ್ತಿದ್ದಳು. ಕುರಿ ಕಾಯುವವರ ಭೂಗೋಳವೇ ಬೇರೆ. ನಮಗೆ ದಾರಿ ಎಂದರೆ ಇಲ್ಲಿಂದ ಅಲ್ಲಿಗೆ ಹೋಗುವುದು. ಅವರಿಗೆ ದಾರಿ ಎಂದರೆ ಬೆಳಗ್ಗೆ ಹಟ್ಟಿಯಿಂದ ಹೊರಟು, ಮೇವು ನೀರು ನೋಡಿಕೊಂಡು, ಸುತ್ತುಹಾಕಿ, ಸಂಜೆ ಅದೇ ಹಟ್ಟಿಗೆ ಬರುವುದು. ಹೋದ ಕುರಿಗಳೆಲ್ಲ ಬಂದರೆ ಪ್ರವಾಸ ಸುಖಕರ. ಕುರಿ ಕಾಯುವವರ ಕುಲದೈವ ಬೀರೋಬ ನನಗೂ ಅಕ್ಕನಿಗೂ ಒಬ್ಬನೇ ಆದರೂ ನಮ್ಮಿಬ್ಬರ ಲೆಕ್ಕದಲ್ಲಿ ದೂರ ಎಂಬುದರ ಅರ್ಥ ಬೇರೆ ಬೇರೆಯಾಗಿತ್ತು.

ನಾನು ನಿವೃತ್ತನಾಗಿ ಸೊಲ್ಲಾಪುರದಲ್ಲಿ ಮನೆ ಕಟ್ಟಿಸಿದ ಮೇಲೆ ಅಕ್ಕ ಒಂದು ದಿನ ಮನೆ ನೋಡಲು ಎಸ್‌ಟಿ ಬಸ್ಸಿನಲ್ಲಿ ಬಂದಳು. ಮಧ್ಯಾಹ್ನ ಮೂರರ ಬಸ್ಸಿಗೆ ಹೊರಡುವ ಕರಾರಿನ ಮೇಲೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ತನ್ನ ಕುರಿಯ ಉಣ್ಣೆಯದೇ ಒಂದು ಕಂಬಳಿ ತಂದಿದ್ದಳು. ಊಟವಾಗಿ ಇನ್ನೂ ಹೊತ್ತಿತ್ತು, ಬಾಗಿಗೆ ಕರೆದುಕೊಂಡು ಹೋದೆ. ಗೇಟಿನ ಒಳಗೆ ಕಾಲಿಟ್ಟದ್ದೇ ಝುಕ್‌ಝುಕ್ ಗಾಡಿ ಕೂಗಿತು. ಅಕ್ಕ ನಿಂತಳು. ಗಾಡಿ ನಮ್ಮ ಮುಂದೆ ಹಾದು, ಸಿಮೆಂಟಿನ ಗುಹೆಯೊಳಗೆ ನುಗ್ಗಿ, ಆಚೆ ಹೊರಬಿದ್ದು, ಕಾರಂಜಿ ಸುತ್ತಿ, ಮತ್ತೆ ನಮ್ಮ ಮುಂದೆಯೇ ಬಂದು ನಿಂತಿತು.

"ಇದು ಎಲ್ಲಿಗಿ ಹೋಗ್ತದೋ?" ಎಂದಳು.

"ಎಲ್ಲಿಗೂ ಇಲ್ಲ. ಇಲ್ಲೇ ಸುತ್ತ ಹೊಡದು ಇಲ್ಲಿಗೇ ಬರ್ತದ."

"ಇಲ್ಲಿಗೇ ಹೊಳ್ಳಿ ಬರ್ತದ?"

"ಹೂಂ."

ಅಕ್ಕನ ಮುಖ ಅರಳಿದ್ದನ್ನು ನಾನು ಜೀವಮಾನದಲ್ಲಿ ಕೆಲವೇ ಸಲ ಕಂಡಿದ್ದೇನೆ. "ಹಂಗಾರ ಇದು ನಮ್ಮಂಥಾವರ ರೈಲು ನೋಡು. ನಡಿ, ಕುಂದರೂಣು" ಎಂದು ಸೆರಗು ಸೊಂಟಕ್ಕೆ ಸಿಗಿಸಿಯೇಬಿಟ್ಟಳು.

ಅರವತ್ತೈದು ದಾಟಿದ ಹೆಂಗಸು, ಜಗತ್ತಿನ ಅಷ್ಟೂ ರೈಲುಗಳಲ್ಲಿ ತನಗೆ ಒಪ್ಪುವ ಒಂದೇ ಒಂದನ್ನು ಕಂಡುಕೊಂಡಿದ್ದಳು. ನಾನು ಮಾಡಬೇಕಾಗಿದ್ದದ್ದು ಎರಡು ಚೀಟಿ ತರುವುದು, ಅಷ್ಟೇ. ಅದೇ ಹೊತ್ತಿಗೆ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನನ್ನ ಹಳೆಯ ಸಾಹೇಬರೊಬ್ಬರು ಕಂಡರು. ಇಸ್ತ್ರಿ ಮಾಡಿದ ಸಫಾರಿ, ಪಕ್ಕದಲ್ಲಿ ಅವರ ಮಗ, ಸೊಸೆ, ಪುಟ್ಟ ಮೊಮ್ಮಗಳು. ನನ್ನನ್ನು ಕಂಡು ಕೈ ಎತ್ತಿದರು.

ಗಾಡಿಯ ಪಕ್ಕದಲ್ಲಿ ಆನೆಯ ಚಿತ್ರವಿದ್ದ ಒಂದು ಬೋರ್ಡಿತ್ತು. ಗಾಡಿ ಓಡುವಾಗ ಕೈ ಹೊರಗೆ ಚಾಚಬಾರದು ಎಂದು ಮರಾಠಿಯಲ್ಲಿ ಬರೆದಿದ್ದರು. ನಾನು ಆ ಬೋರ್ಡಿನ ಕಡೆ ಬೆರಳು ತೋರಿಸಿದೆ.

"ಅಕ್ಕಾ, ದೊಡ್ಡವರಿಗಿ ಕುಂದರಾಕ ಬರೂದಿಲ್ಲ. ಬರೇ ಹುಡುಗರಿಗಿ ಅಷ್ಟ. ನೋಡು, ಬರದಾರ."

ಅಕ್ಕ ಬೋರ್ಡನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ನೀ ರೈಲ್ವೇದಾಂವ ಅಲ್ಲ? ನಿನ್ನ ವಶೀಲಿ ನಡ್ಯೂದಿಲ್ಲೇನು?"

"ಕಾಯದೇ ಅಂದ್ರ ಕಾಯದೇ" ಎಂದೆ, ಗಾರ್ಡಿನ ದನಿಯಲ್ಲಿ.

"ಹಂಗಾರ ಬಿಡು" ಎಂದು ಸೆರಗು ಬಿಚ್ಚಿಕೊಂಡಳು. ತಂತಿಬೇಲಿ ಹಿಡಿದು ಗಾಡಿ ಇನ್ನೂ ಮೂರು ಸುತ್ತು ಹಾಕುವುದನ್ನು ನೋಡಿದಳು. ನಾನು ಬಸ್ಸಿನ ನೆಪ ಹೇಳಿ ಗಡಿಯಾರ ನೋಡುತ್ತ ಅವಳಿಂದ ನಾಲ್ಕು ಹೆಜ್ಜೆ ದೂರ ನಿಂತೆ. ಆ ನಾಲ್ಕು ಹೆಜ್ಜೆ ಏಕೆ ಎಂದು ನೀವು ಕೇಳಬಹುದು.

ಬಹಳ ದಿನ ನಾನು ಹೇಳಿಕೊಂಡ ಕಾರಣ, ಅವಳ ಮೊಣಕಾಲು. ಡಬ್ಬಿ ಸಣ್ಣದು, ಹತ್ತುವಾಗ ಎಡವಿದರೆ ಏನು ಗತಿ? ಇದು ಪೊಳ್ಳು. ದಿನವಿಡೀ ಹೊಲದ ಒಡ್ಡು ಹತ್ತಿಳಿಯುವ ಕಾಲು ಅವಳದು, ಮೊಣಕಾಲು ನೋವು ಇದ್ದದ್ದು ನನಗೆ. ಮುಂದೆ ಕೆಲವು ದಿನ ವೃತ್ತಿಗೌರವ ಎಂದುಕೊಂಡೆ. ನಿಜವಾದ ರೈಲಿನ ಗಾರ್ಡು ಆಟಿಕೆಯ ರೈಲಿನಲ್ಲಿ ಕೂಡುವುದೇ? ಇದು ಅರ್ಧ ನಿಜ. ಅರ್ಧ ಮಾತ್ರ ಎನ್ನುವುದಕ್ಕೆ ಪುರಾವೆ ಬೇಕೆ? ಆ ಸಾಹೇಬರೇ ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಎರಡನೆಯ ಡಬ್ಬಿಯಲ್ಲಿ ಹಲ್ಲು ಕಿರಿಯುತ್ತ ಹೋದರು. ಅವರ ಗೌರವಕ್ಕೆ ಏನೂ ಆಗಲಿಲ್ಲ.

ಪೂರ್ತಿ ನಿಜ ಇದು: ನನಗೆ ಅಕ್ಕನ ಬಗ್ಗೆ ನಾಚಿಕೆಯಾಯಿತು. ಅವಳ ಹಣೆಯ ತುಂಬ ಬೀರೋಬನ ಭಂಡಾರದ ಅರಿಶಿನ, ಮೊಣಕಾಲಿನ ಮೇಲೆ ಕಚ್ಚೆ ಹಾಕಿ ಉಟ್ಟ ಸೀರೆ, ಕಂಬಳಿಯ ವಾಸನೆ, ಆಚೆ ತುದಿಗೂ ಕೇಳುವಂಥ ದೊಡ್ಡ ದನಿಯ ಕನ್ನಡ. ಸಾಹೇಬರ ಸೊಸೆ ಮೂಗು ಮುಚ್ಚಿಕೊಂಡಾಳು ಎಂದು ಹೆದರಿದೆ. ಅವಳು ಮುಚ್ಚಿಕೊಳ್ಳಲೂ ಇಲ್ಲ, ಪಾಪ, ನನ್ನ ಮನಸ್ಸೇ ಮುಚ್ಚಿಕೊಂಡಿತ್ತು. ಅಕ್ಕ ಬಿಸಿಲಲ್ಲಿ ಕುರಿ ಕಾಯ್ದು ನನಗೆ ಕೊಡಿಸಿದ್ದು ಅಕ್ಷರ. ಆ ಅಕ್ಷರವನ್ನು, ಓದಲು ಬಾರದ ಅವಳಿಗೇ ಸುಳ್ಳು ಓದಿ ಹೇಳಲು ಬಳಸಿದೆ.

ಸುಳ್ಳು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಊರಲ್ಲಿ ಮಾತು ಕುರಿಯಂತೆ, ಒಂದು ಬೇಲಿ ದಾಟಿದರೆ ಉಳಿದವೆಲ್ಲ ದಾಟುತ್ತವೆ. ಎರಡು ವರ್ಷದ ಮೇಲೆ ಒಂದು ಮದುವೆಗೆಂದು ಊರಿಗೆ ಹೋದಾಗ ಅಕ್ಕನ ಸೊಸೆ ಸುನಂದಾ ಚಹಾ ಕೊಡುತ್ತ ಹೇಳಿದಳು:

"ಮಾವಾ, ಹ್ವಾದ ತಿಂಗಳ ಸಾಲಿ ಹುಡುಗರ ಸಹಲಿ ಸೊಲ್ಲಾಪುರಕ್ಕ ಹೋಗಿತ್ತರಿ. ಹುಡುಗರ್ನ ಹಿಡಿಲಾಕ ಅತ್ತಿ, ನಾನು, ಇನ್ನಷ್ಟು ಹೆಣ್ಮಕ್ಕಳು ಹೋಗಿದ್ವಿ. ಬಾಗಿನ್ಯಾಗ ಮಾಸ್ತರ್ರು ಅತ್ತಿಗಿ 'ಹತ್ರಿ ಅಮ್ಮಾ' ಅಂತ ಭಾಳ ಹೇಳಿದ್ರು. ಅತ್ತಿ ಒಲ್ಲೇ ಅಂದ್ರು. 'ನಮ್ಮ ತಮ್ಮ ರೈಲ್ವೇದಾಂವ, ದೊಡ್ಡವರು ಕುಂದರಬಾರದಂತ ಕಾಯದೇ ಅದ ಅಂದಾನ' ಅಂದ್ರು. ನಾವೂ ಯಾರೂ ಹತ್ತಲಿಲ್ಲರಿ."

"ಮತ್ತ ಬ್ಯಾರೆ ದೊಡ್ಡವರು ಕುಂತಿದ್ದಿಲ್ಲೇನು?" ಎಂದು ಕೇಳಿದೆ.

"ಕುಂತಿದ್ರರಿ, ಭಾಳ ಮಂದಿ ಕುಂತಿದ್ರು. ಅವರದು ವಶೀಲಿ ಇರಬೇಕು ಅಂದ್ರು ಅತ್ತಿ."

ನೋಡಿ, ಒಂದು ಹಸಿ ಸುಳ್ಳು ಹೇಗೆ ಊರಿನ ಕಾಯಿದೆಯಾಯಿತು! ಎದುರಿಗೇ ಪುರಾವೆ ಓಡುತ್ತಿದ್ದರೂ ಕಾಯಿದೆ ಮುರಿಯಲಿಲ್ಲ, ಏಕೆಂದರೆ ನಮ್ಮ ದೇಶದಲ್ಲಿ ಕಾಯಿದೆಗೂ ವಶೀಲಿಗೂ ಜಗಳವಿಲ್ಲ, ಎರಡೂ ಒಂದೇ ಹಳಿಯ ಮೇಲೆ ಓಡುತ್ತವೆ. ಆ ಕ್ಷಣದಲ್ಲಿ ನಾನು ಬಾಯಿ ಬಿಡಬಹುದಿತ್ತು. ಅಕ್ಕ ಹಟ್ಟಿಯಲ್ಲೇ ಇದ್ದಳು, ಕರೆದರೆ ಕೇಳುವಷ್ಟು ಹತ್ತಿರ. ನಾನು ಚಹಾ ಕುಡಿದು, ಚಹಾ ಚೆನ್ನಾಗಿದೆ ಎಂದೆ. ಸುಳ್ಳು ಎಂದು ಒಪ್ಪಿಕೊಂಡರೆ ಊರಲ್ಲಿ ರೈಲ್ವೆಯವನ ಮಾತಿಗೆ ಬೆಲೆ ಎಲ್ಲಿ ಉಳಿದೀತು? ಮನಸ್ಸಿನಲ್ಲಿ ಒಂದು ಒಪ್ಪಂದ ಮಾಡಿಕೊಂಡೆ. ಅಕ್ಕನನ್ನು ಸೊಲ್ಲಾಪುರಕ್ಕೆ ಕರೆಸಿಕೊಂಡು, ಕಾಯಿದೆ ಬದಲಾಗಿದೆ ಎಂದು ಹೇಳಿ, ಪಕ್ಕದಲ್ಲಿ ಕೂತು ಸುತ್ತು ಹಾಕಿಸುವುದು. ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ತೊಳೆಯುವ ಯೋಜನೆ. ದೀಪಾವಳಿಗೆ ಎಂದುಕೊಂಡೆ. ಆಗ ಕುರಿಗಳು ಮರಿ ಹಾಕುವ ಕಾಲ, ಅವಳು ಬರಲಿಲ್ಲ. ಸಂಕ್ರಾಂತಿಗೆ ಎಂದೆ. ನಾನೇ ಮುಂದೂಡಿದೆ. ಹೀಗೆ ಎಷ್ಟೋ ಹಬ್ಬಗಳು ಬಂದವು, ಹೋದವು. ಗಾರ್ಡಿನ ಕೆಲಸ ಮಾಡಿದವನಿಗೆ ಸಮಯಪಾಲನೆ ರಕ್ತದಲ್ಲಿರುತ್ತದೆ ಎನ್ನುತ್ತಾರೆ. ಮಾಲುಗಾಡಿಯ ಗಾರ್ಡಿಗೆ ಆ ಮಾತು ಅನ್ವಯಿಸುವುದಿಲ್ಲ. ನಮ್ಮನ್ನು ಬದಿಯ ಹಳಿಗೆ ಹಾಕಿ ಉಳಿದ ಗಾಡಿಗಳನ್ನೆಲ್ಲ ಬಿಡುತ್ತಾರೆ, ಕಾಯುವುದೇ ನಮಗೆ ಕೆಲಸ ಮಾಡಿದಂತೆ ಅನ್ನಿಸತೊಡಗುತ್ತದೆ.

ಅಷ್ಟರಲ್ಲಿ ಝುಕ್‌ಝುಕ್ ಗಾಡಿ ನಿಂತಿತು. ಮೊದಲು ದುರಸ್ತಿಗೆಂದು ನಿಂತಿತು. ಆಮೇಲೆ ದುರಸ್ತಿಯ ಮಾತೂ ನಿಂತಿತು. ಬಾಗಿನ ಮಾಲಿಯನ್ನು ಕೇಳಿದರೆ, ಎಂಜಿನ್ನಿಗೆ ವಯಸ್ಸಾಯಿತು ಸಾಹೇಬ್ ಎಂದು ಮರಾಠಿಯಲ್ಲಿ ಹೇಳಿ ನನ್ನ ಮುಖ ನೋಡಿದ. ಗುಹೆಯೊಳಗೆ ಈಗ ನಾಯಿಗಳು ಮಲಗುತ್ತವೆ. ಹಳಿಗಳ ಮೇಲೆ ಹುಲ್ಲು ಬೆಳೆದಿದೆ, ಅಕ್ಕನ ಕುರಿಗಳಿಗೆ ಎರಡು ದಿನ ಸಾಲುವಷ್ಟು.

ಕೊನೆಗೂ ಈ ವರ್ಷ ನಾನು ಊರಿಗೆ ಹೋದೆ, ಮದುವೆ ಮುಂಜಿ ಎಂಬ ಯಾವ ನೆಪವೂ ಇಲ್ಲದೆ. ಅಕ್ಕ ಹಟ್ಟಿಯ ಮುಂದೆ ಕೂತು ಉಣ್ಣೆ ಹಿಂಜುತ್ತಿದ್ದಳು. ಪಕ್ಕದಲ್ಲಿ ಕೂತೆ. ಹವೆ, ಮಳೆ, ಕುರಿಗಳ ಕೆಮ್ಮು, ಎಲ್ಲ ವಿಚಾರಿಸಿದೆ. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದೆ.

"ಅಕ್ಕಾ, ಆ ಬಾಗಿನ ಗಾಡೀದು... ಅಂಥಾ ಕಾಯದೇ ಇದ್ದಿದ್ದಿಲ್ಲ. ಬೋರ್ಡಿನ ಮ್ಯಾಲ ಹಂಗ ಬರದಿದ್ದಿಲ್ಲ. ನಾ ಸುಳ್ಳ ಹೇಳೀನಿ."

ಅಕ್ಕನ ಕೈ ನಿಲ್ಲಲಿಲ್ಲ. "ಗೊತ್ತದ" ಎಂದಳು.

"ಯಾರು ಹೇಳಿದ್ರು?"

"ಯಾರ್ ಯಾಕ ಹೇಳಬೇಕು? ನನಗ ಬೋರ್ಡ ಓದಾಕ ಬರೂದಿಲ್ಲೋ ತಮ್ಮಾ, ಗಾಡ್ಯಾಗ ಕುಂತ ಮಂದಿ ಕಾಣೂದಿಲ್ಲೇನು? ಕಡೀ ಡಬ್ಬ್ಯಾಗ ನನ್ನಕಿಂತ ದಪ್ಪ ಮುದಿಕಿ ಒಬ್ಬಾಕಿ ಕುಂತಿದ್ಲು. ಅವತ್ತ ನೋಡೀನಿ."

ಅವಳನ್ನು ಕೇಳಿದೆ, ಹಾಗಾದರೆ ಸಾಲಿ ಮಕ್ಕಳ ಪ್ರವಾಸದಲ್ಲಿ ಮಾಸ್ತರರು ಅಷ್ಟು ಕರೆದರೂ ಏಕೆ ಹತ್ತಲಿಲ್ಲ ಎಂದು.

"ನಾ ಹತ್ತಿದ್ರ ಸುನಂದಾ ಹತ್ತತಿದ್ಲು, ಉಳದಾವರೂ ಹತ್ತತಿದ್ರು. ಊರಿಗಿ ಬಂದು 'ಮಾಯವ್ವನ ತಮ್ಮ ಸಾಲಿ ಕಲ್ತು ಸುಳ್ಳ ಹೇಳ್ತಾನ' ಅಂತಿದ್ರು. ಅವತ್ತ ಅಂವ ಯಾರೋ ಸಾಹೇಬ ನಿಂತಿದ್ದ, ನಿನಗ ಸಂಕಟ ಆಗಿತ್ತು. ಅದೂ ನೋಡೀನಿ. ಹೋಗ್ಲಿ ಬಿಡು."

"ನಿನಗ ಕುಂದರಬೇಕಂತ ಅನಿಸಲಿಲ್ಲೇನು ಅಕ್ಕಾ?"

ಉಣ್ಣೆಯಲ್ಲಿ ಸಿಕ್ಕಿದ್ದ ಒಂದು ಮುಳ್ಳನ್ನು ಬಿಡಿಸಿ ಪಕ್ಕಕ್ಕೆ ಇಟ್ಟಳು. "ಅನಿಸ್ತು. ಯಾಕ ಅನಿಸೂದಿಲ್ಲ? ಭಾಳ ಅನಿಸ್ತು" ಎಂದಳು. ಇಷ್ಟು ಹೇಳಿ ಸೊಸೆಯನ್ನು ಕೂಗಿ, ತಮ್ಮ ಬಂದಿದ್ದಾನೆ, ರೊಟ್ಟಿಗೆ ಇಡು ಎಂದಳು.

ನಾನು ಸಂಜೆಯ ಗಾಡಿಗೆ ದುಧನಿಯಲ್ಲಿ ಹತ್ತಿ ಸೊಲ್ಲಾಪುರಕ್ಕೆ ಬಂದೆ. ಕಿಟಕಿಯ ಪಕ್ಕ ಕೂತು ನನ್ನ ಸೇವೆಯ ವರ್ಷಗಳನ್ನೆಲ್ಲ ತಿರುವಿ ಹಾಕಿದೆ. ಬಾಗಿಲಲ್ಲಿ ನಿಲ್ಲಬೇಡಿ ಎಂದರೆ ಜನ ನಿಂತರು, ಹಳಿ ದಾಟಬೇಡಿ ಎಂದರೆ ದಾಟಿದರು, ಗೇಟು ಹಾಕಿದರೆ ಕೆಳಗೆ ಬಗ್ಗಿ ನುಸುಳಿದರು. ನಿಜವಾದ ನಿಯಮಗಳನ್ನು ಸೀಟಿ ಊದಿ ಊದಿ ಹೇಳಿದರೂ ನನ್ನ ಮಾತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ನಿಯಮವನ್ನು ಮಾತ್ರ, ಸುಳ್ಳೆಂದು ಗೊತ್ತಿದ್ದೂ, ಆಸೆಯಿದ್ದೂ, ಆ ಝುಕ್‌ಝುಕ್ ಗಾಡಿಯೇ ನಿಂತುಹೋಗುವ ತನಕ ಒಬ್ಬಳು ಪಾಲಿಸಿದಳು. ಹೇಳಿದವನು ತನ್ನ ತಮ್ಮ ಎಂಬ ಒಂದೇ ಕಾರಣಕ್ಕೆ.